ಶ್ರುತಿಪೆಟ್ಟಿಗೆಯ ಮೂರನೇ ಗುಂಡಿ

ಅವ್ವಾ,

ಬೆಸುಗೆ ಈಗಷ್ಟೇ ಹಾಕಿದ್ದೇನೆ, ನಿನಗಾಗಿ ಮಾಡುತ್ತಿರುವ ಶ್ರುತಿಪೆಟ್ಟಿಗೆಯ ತಂತಿಗಳನ್ನು ಮುಟ್ಟಬೇಡ.

ನಿನ್ನೆ ಪೂಜೆ ಮುಗಿಸಿ ಅದರ ಎರಡೂ ಗುಂಡಿಗಳಿಗೆ ವಿಭೂತಿ ಹಚ್ಚಿದ್ದೀಯ. ಪುಡಿ ಒಳಗಿಳಿದು, ತಿರುಗಿಸಿದರೆ ಕರಕರ ಅನ್ನುತ್ತಿದೆ. ಇನ್ನು ಹಚ್ಚುವುದಾದರೆ ನನ್ನ ಹಣೆಗೆ ಹಚ್ಚು, ಈ ಸಲ ಮುಖ ತಿರುಗಿಸುವುದಿಲ್ಲ.

ಮೂರನೇ ಗುಂಡಿಗಾಗಿ ಹುಮನಾಬಾದಿನ ರೇಡಿಯೊ ರಿಪೇರಿ ಅಂಗಡಿಗೆ ಹೊರಟಿದ್ದೇನೆ. ನಿನ್ನ ಸೆಟೆದ ಬೆರಳಿಗೂ ಹಗುರಾಗಿ ತಿರುಗುವಂಥದ್ದು ಸಿಗುವವರೆಗೆ ಹುಡುಕುತ್ತೇನೆ. ಸಂಜೆಯ ಬಸ್ಸಿಗೆ ಬರುತ್ತೇನೆ, ರೊಟ್ಟಿ ಮುಚ್ಚಿಡು.

"ನನ್ನ ತಂಬೂರಿ ಬಿರಡಿ ಕಿತ್ತು ಗುಂಡಿ ಮಾಡಿ ಹಾಕೋ ಮಹಾರುದ್ರಾ, ಅದನ್ನ ತಿರುಗಸಾಕ ನನ್ನ ಕೈಲೆ ಎಲ್ಲಿ ಆಗತೈತಿ, ಇನ್ನ ನನಗ್ಯಾಕ ಬೇಕದು?" ಅಂದೆಯಲ್ಲ.

ನಿನ್ನ ತಂಬೂರಿಯ ದನಿ ಕೇಳಿಯೇ ಈ ಪೆಟ್ಟಿಗೆಯ ದನಿ ಕೂಡಿಸಬೇಕು. ತಂತಿ ಬಿಗಿಯುವ ಆ ಬಿರಡೆ ನನಗೆ ಬೇಡ. ನಾನು ಕೀಳುವುದಿಲ್ಲ.