ಕಾಯಬಹುದಾದವರ ಪಟ್ಟಿ

ಸೆಪ್ಟೆಂಬರ್ ೧೪, ಸೋಮವಾರ
ಶಸ್ತ್ರಚಿಕಿತ್ಸಾ ವಿಭಾಗ, ಕಿಟಕಿ ಪಕ್ಕದ ಮೇಜು

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ಐದು ತಿಂಗಳ ಹಿಂದೆಯೇ ಬರೆಯಬೇಕಾಗಿದ್ದ ಕಾಗದ ಇದು. ತಡವಾದದ್ದಕ್ಕೆ ಮೊದಲೇ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಫೋನಿದ್ದೂ ಕಾಗದ ಏಕೆಂದರೆ, ನೀನು ನನ್ನ ಫೋನು ಎತ್ತುತ್ತಿಲ್ಲ. ಭಾವ ಎತ್ತಿ, "ಸ್ನಾನಕ್ಕೆ ಹೋಗಿದ್ದಾಳೆ" ಎನ್ನುತ್ತಾರೆ. ಈ ವಾರ ನೀನು ಒಂಬತ್ತು ಸಲ ಸ್ನಾನ ಮಾಡಿದ್ದೀಯ. ನಿನ್ನೆಯಂತೂ ಅವರ ಹಿಂದಿನಿಂದ ನಿನ್ನದೇ ದನಿ ಕೇಳಿಸಿತು: "ಇನ್ನೂ ಸೋಪು ಹಚ್ಕೊಳ್ತಿದ್ದಾಳೆ ಅನ್ನಿ."

ವಿಷಯಕ್ಕೆ ಬರುತ್ತೇನೆ. ನಿನ್ನ ಪಿತ್ತಕೋಶದ ಆಪರೇಷನ್ನಿಗೆ ಇಪ್ಪತ್ತನಾಲ್ಕನೇ ತಾರೀಖು, ಗುರುವಾರ, ದಿನ ಸಿಕ್ಕಿದೆ. "ಏಪ್ರಿಲ್‌ನಲ್ಲಿ ಬೇಡವಾದ ಹೊಟ್ಟೆ ಈಗ್ಯಾಕಂತೆ? ಬರಲ್ಲ ಅಂತ ಹೇಳಿ" ಎಂದೆಯಂತೆ. ಭಾವ ಕಳಿಸಿದ ನಿನ್ನ ಹೊಸ ಸ್ಕ್ಯಾನ್ ನೋಡಿದ ದೊಡ್ಡ ಡಾಕ್ಟರು, "ಇನ್ನು ಮುಂದೂಡೋ ಹಾಗಿಲ್ಲ. ಒಂದು ಕಲ್ಲು ಕೆಳಗೆ ಜಾರಿದ್ರೆ ಪ್ರಾಣಕ್ಕೇ ಬರುತ್ತೆ" ಎಂದಿದ್ದಾರೆ. ಇದು ತಪ್ಪಿದರೆ ಮತ್ತೆ ದಿನ ಸಿಗುವುದು ಡಿಸೆಂಬರಿಗೆ. ನಿನ್ನ ಹಟ ಅಲ್ಲಿಯ ತನಕ ಬಾಳುತ್ತದೆ, ನನಗೆ ಗೊತ್ತು. ಪಿತ್ತಕೋಶ ಬಾಳುವುದಿಲ್ಲ.

ನಿನಗೆ ಕೋಪ ಬರಿಸಿದ್ದು ಏಪ್ರಿಲ್‌ನಲ್ಲಿ ನಾನು ಕಳಿಸಿದ ಕಾಗದ. ಒಡಹುಟ್ಟಿದವಳಿಗೆ 'ಮಾನ್ಯರೇ' ಎಂದು ಶುರುಮಾಡಿ, 'ತಮ್ಮ ವಿಶ್ವಾಸಿ' ಎಂದು ಮುಗಿಸಿದ ಅಚ್ಚಿನ ಕಾಗದ. ಅದರ ಕಥೆ ಕೇಳು.

ಸೋಂಕು ಬಂದ ಮೇಲೆ ನಮ್ಮ ವಿಭಾಗ ನಮ್ಮದಾಗಿ ಉಳಿಯಲಿಲ್ಲ. ಉಸಿರಾಟದ ಯಂತ್ರಗಳು ಇದ್ದದ್ದು ನಮ್ಮ ಥಿಯೇಟರುಗಳಲ್ಲಿ. ಹಾಗಾಗಿ ಅಲ್ಲೇ ಸೋಂಕಿನವರ ಹಾಸಿಗೆಗಳು ಬಂದವು. ತುರ್ತು ಕೆಲಸಕ್ಕೆಂದು ಮೂಲೆಯ ಸಣ್ಣದೊಂದನ್ನು ಉಳಿಸಿಕೊಂಡೆವು. ಮೂಳೆ ಡಾಕ್ಟರು ಬಾಗಿಲಲ್ಲಿ ನಿಂತು ಬಂದವರ ಹಣೆಗೆ ಜ್ವರದ ಬಂದೂಕು ಹಿಡಿದರು. ಊರಿಗೆಲ್ಲ ನಿದ್ದೆ ಬರಿಸುವ ಅರಿವಳಿಕೆಯ ಡಾಕ್ಟರಿಗೆ ಐದು ತಿಂಗಳು ನಿದ್ದೆಯಿಲ್ಲ. ನಮ್ಮ ದೊಡ್ಡ ಡಾಕ್ಟರದು ಬೇರೆಯೇ ಸಂಕಟ. ದಿನಕ್ಕೆ ನಾಲ್ಕು ಹೊಟ್ಟೆ ಹೊಲಿಯುತ್ತಿದ್ದ ಕೈಗೆ ಕೆಲಸವಿಲ್ಲ. ಹರಿದ ಗೌನು, ಕಿಟಕಿ ಪರದೆ, ಕುರ್ಚಿಯ ದಿಂಬು, ಕಂಡದ್ದನ್ನೆಲ್ಲ ಹೊಲಿದರು. ಕಿತ್ತುಹೋಗಿದ್ದ ನನ್ನ ಚೀಲದ ಹಿಡಿಯನ್ನೂ ಹೊಲಿದುಕೊಟ್ಟರು. ಮನೆಗೆ ಬಂದು ನೋಡಿದರೆ ಚೀಲದ ಬಾಯಿಯೂ ಸೇರಿಹೋಗಿದೆ. ಬೀಗದ ಕೈ ಒಳಗೆ. ನೀನು ಹೆದರಬೇಡ, ಹೊಟ್ಟೆಯ ವಿಷಯದಲ್ಲಿ ಅವರು ಹಾಗೆ ಮರೆಯುವವರಲ್ಲ.

ತುರ್ತಲ್ಲದ ರೋಗಿಗಳಿಗೆಲ್ಲ ಕಾಗದ ಬರೆಯುವ ಕೆಲಸ, ದಿನಾಂಕ ಕೊಡುವವಳು ನಾನಾದ್ದರಿಂದ, ನನಗೇ ಬಂತು. ಆಫೀಸಿನವರು ಕೊಟ್ಟ ಮಾದರಿಯಲ್ಲಿ 'ಐಚ್ಛಿಕ ಶಸ್ತ್ರಚಿಕಿತ್ಸೆ' ಎಂದಿತ್ತು. ಹೊಟ್ಟೆ ಕೊಯ್ಯಿಸಿಕೊಳ್ಳುವ ಇಚ್ಛೆ ಯಾರಿಗಿರುತ್ತದೆ? ಎಂ.ಎ. ಓದಿದ ಜಂಬ ಎದ್ದು ಕೂತಿತು. ಅರ್ಧ ದಿನ ಯೋಚಿಸಿ, 'ತಾವು ಕಾಯಬಹುದಾದವರ ಪಟ್ಟಿಯಲ್ಲಿದ್ದೀರಿ' ಎಂದು ಬರೆದೆ. ಎಷ್ಟು ಮೃದುವಾದ ಮಾತು ಎಂದು ಎರಡು ದಿನ ಬೀಗಿದೆ.

ಮೂರನೆಯ ದಿನ ಬೆಳಗ್ಗೆ ಒಬ್ಬ ತಾತ ಬಂದರು. ಇಸ್ತ್ರಿ ಮಾಡಿದ ಖಾಕಿ ಅಂಗಿ, ಕೊರಳಲ್ಲಿ ಸೀಟಿ, ಕೈಯಲ್ಲಿ ಟಾರ್ಚು. ನಮ್ಮಲ್ಲಿ ಹರ್ನಿಯಾಕ್ಕೆ ಹೆಸರು ಬರೆಸಿದ್ದವರು. ಹಿರಿಯ ಸಿಸ್ಟರ್ ತಡೆದರು.

"ಯಾಕೆ ಬಂದ್ರಿ ತಾತ? ಆಪರೇಷನ್ ಮುಂದಕ್ಕೆ ಹೋಗಿದೆ ಅಂತ ಕಾಗದ ಬರಲಿಲ್ವಾ?"

"ಬಂತು ತಾಯಿ, ಅದಕ್ಕೇ ಬಂದೆ. ಕಾಯಬಹುದು ಅಂತ ಬರೆದಿದ್ದೀರಲ್ಲ. ಮೂವತ್ತೊಂದು ವರ್ಷ ಗೋದಾಮು ಕಾದೋನು ನಾನು. ಒಂದು ಮೊಳೆ ಕಳುವಾಗಿಲ್ಲ. ಯಾವ ಗೇಟು ನಂದು?"

"ಅಯ್ಯೋ, ಅದು ಆ ಕಾಯೋದಲ್ಲ, ಈ ಕಾಯೋದು."

"ಕಾಯೋದ್ರಲ್ಲಿ ಎರಡು ಥರ ಎಲ್ಲಿದೆ? ಎರಡರಲ್ಲೂ ಕುರ್ಚಿ ಹಾಕ್ಕೊಂಡು ಕೂತಿರೋದೇ ತಾನೆ?"

ಸಿಸ್ಟರ್ ನನ್ನ ಕಡೆ ತಿರುಗಿ, "ಎಂ.ಎ. ಮೇಡಂ, ನಿಮ್ಮ ಕವಿತೆಗೆ ಓದುಗರು ಸಿಕ್ಕಿದ್ದಾರೆ, ಬನ್ನಿ" ಎಂದರು. ನಾನು ಎದ್ದುಹೋಗುವಷ್ಟರಲ್ಲಿ ತಾತ ಹೊರಗಿನ ಸಾಲಿನಲ್ಲಿ ಒತ್ತೊತ್ತಾಗಿ ನಿಂತವರನ್ನು ಕಂಡು ಸೀಟಿ ಊದಿದರು. ಮೈಕಿನಲ್ಲಿ ಹದಿನೈದು ದಿನ ಅರಚಿದರೂ ಆಗದಿದ್ದ ಅಂತರ ಒಂದೇ ಸೀಟಿಗೆ ಆಗಿಹೋಯಿತು. ಇಂಥವರು ನಮಗೂ ಬೇಕು ಎಂದು ಗೇಟಿನವರು ಗಂಟುಬಿದ್ದರು. ಕೊನೆಗೆ ದೊಡ್ಡ ಡಾಕ್ಟರೇ ಬಂದು, "ಸೀಟಿ ಊದಿದಷ್ಟೂ ನಿಮ್ಮ ಹರ್ನಿಯಾ ಕೆಳಗಿಳಿಯುತ್ತೆ, ಮನೆಗೆ ಹೋಗಿ ಸುಮ್ನಿರಿ" ಎಂದು ಕಳಿಸಿದರು. ಹೋಗುವಾಗ ತಾತ, "ಕರೆಸಿ ಕಳಿಸೋದು ಮರ್ಯಾದಸ್ತರ ಲಕ್ಷಣ ಅಲ್ಲ" ಎಂದು ನನಗೆ ಹೇಳಿಯೇ ಹೋದರು. ಕಳೆದ ವಾರ ಥಿಯೇಟರು ಮತ್ತೆ ತೆರೆದಾಗ ಮೊದಲ ದಿನವನ್ನು ಅವರಿಗೇ ಕೊಟ್ಟೆ. ಈಗ ಚೆನ್ನಾಗಿದ್ದಾರೆ, ವಾರ್ಡಿನಲ್ಲಿ ಔಷಧಿಯ ಕಪಾಟು ಕಾಯುತ್ತಿದ್ದಾರೆ.

ನೋಡು, ಬರೆಯುತ್ತ ನಗುತ್ತಿದ್ದೇನೆ. ನೀನೂ ನಗುತ್ತಿದ್ದರೆ ನಿನ್ನ ಕೋಪ ಅರ್ಧ ಇಳಿದಿದೆ ಎಂದು ಲೆಕ್ಕ. ಆಪರೇಷನ್ನಿನ ಹಿಂದಿನ ದಿನ, ಬುಧವಾರ ಸಂಜೆಯೇ ಬಂದು ಸೇರಬೇಕು. ಜೊತೆಗೆ ಒಬ್ಬರನ್ನು ಮಾತ್ರ ಬಿಡುತ್ತಾರೆ, ಭಾವನಿಗೆ ಆಸ್ಪತ್ರೆಯ ವಾಸನೆಗೇ ತಲೆ ತಿರುಗುತ್ತದೆ, ಆದ್ದರಿಂದ ನಿನ್ನ ಜೊತೆ ನಾನೇ ಇರುತ್ತೇನೆ. ಚಿಕ್ಕವಳಿಗೆ ದೊಡ್ಡವರನ್ನು ಹರಸುವ ಅಧಿಕಾರವಿಲ್ಲ. ಆದರೂ ದಿನಾಂಕ ಕೊಡುವವಳಾಗಿ ಹರಸುತ್ತೇನೆ: ಕಲ್ಲು ಕಳೆದು ಹಗುರಾಗು, ನನ್ನನ್ನು ಬೈಯುವಷ್ಟು ಶಕ್ತಿ ಬೇಗ ಬರಲಿ.

ನಿನ್ನ ಬಾಲ,
ತಂಗಿ

ಮರೆತ ಮಾತು: ಮರೆತದ್ದೇನಲ್ಲ, ಬರೆಯಲು ಹೆದರಿದ್ದು. ಥಿಯೇಟರು ಮುಚ್ಚುವ ಹಿಂದಿನ ದಿನ ಒಂದೇ ಒಂದು ಜಾಗ ಉಳಿದಿತ್ತು. ಮೇಜಿನ ಮೇಲೆ ಎರಡು ಫೈಲು, ಎರಡೂ ಪಿತ್ತಕೋಶದ್ದೇ. ಒಂದು ಯಾರೋ ಬಸ್ ಕಂಡಕ್ಟರನ ಹೆಂಡತಿಯದು, ಇನ್ನೊಂದು ನಿನ್ನದು. ನೀನು ನನ್ನ ಅಕ್ಕ ಎಂದು ದೊಡ್ಡ ಡಾಕ್ಟರಿಗೆ ಗೊತ್ತಿರಲಿಲ್ಲ. "ಇಬ್ಬರದ್ದೂ ಒಂದೇ ಥರ ಇದೆ. ಫೋನಲ್ಲಿ ಮಾತಾಡಿರೋರು ನೀವು. ಯಾರು ತಡ್ಕೋತಾರೆ ಹೇಳಿ" ಎಂದರು. ನಾನು ನಿನ್ನ ಫೈಲಿನ ಮೇಲೆ ಕೈಯಿಟ್ಟು, "ಇವರು ತಡ್ಕೋತಾರೆ" ಎಂದೆ. ಸ್ವಂತದವರಿಗೆ ಪಕ್ಷಪಾತ ಮಾಡಲಿಲ್ಲ ಎಂದು ಅವತ್ತು ಹೆಮ್ಮೆಪಟ್ಟುಕೊಂಡೆ. ಅದು ಸುಳ್ಳು. ಅಮ್ಮ ಹೋದಾಗ ನಿನಗೆ ಹದಿನೈದು, ನನಗೆ ಏಳು. ಅಲ್ಲಿಂದ ಇಲ್ಲಿಯವರೆಗೆ ನಿನಗೂ ನೋಯುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ, ಅಷ್ಟೆ. ಜುಲೈಯಲ್ಲಿ ಮಕ್ಕಳಿಗೆ ಕೇಳಿಸಬಾರದೆಂದು ನೀನು ಅಡುಗೆಮನೆಯ ಬಾಗಿಲು ಹಾಕಿಕೊಂಡು ಟವೆಲು ಕಚ್ಚಿ ಕೂತಿದ್ದೆಯೆಂದು ಭಾವ ಹೇಳಿದರು. ಆಮೇಲೆ ಯಾವ ರೋಗಿಗೂ ಫೋನಿನಲ್ಲಿ 'ಸ್ವಲ್ಪ ತಡ್ಕೊಳ್ಳಿ' ಎನ್ನುತ್ತಿಲ್ಲ. ಇದನ್ನು ಓದಿ ನೀನು ಬರದೇ ಹೋಗಬಹುದು. ಆದರೆ ಇದನ್ನು ಮುಚ್ಚಿಟ್ಟು ನಿನ್ನನ್ನು ಕರೆಯಲಾರೆ. ಬಾ ಅಕ್ಕ. ಬಂದು, ನೋವಾದಾಗ ಕೂಗು. ಅದು ಹೇಗೆ ಕೇಳಿಸುತ್ತದೆ ಎಂದೇ ನನಗೆ ಗೊತ್ತಿಲ್ಲ.