ಸುಮ್ಮನಿದ್ದ ಮರಿ

ಜೂನ್ ೧೪, ಶನಿವಾರ

ಸೋಮವಾರ ಕೊಟ್ಟೂರಿನ ಹೈಸ್ಕೂಲಿನಾಗ ಕನ್ನಡ ಟೀಚರ್ ಕೆಲಸಕ್ಕ ನನ್ನ ಮೊದಲ ಸಂದರ್ಶನ. ಡೆಮೊ ಪಾಠ ಇನ್ನೂ ಹಿಡಿತಕ್ಕ ಬಂದಿಲ್ಲ.

ಸಂಜಿಗೆ ಅಪ್ಪನ್ನ ಮನಿ ಮುಂದಿನ ಕಟ್ಟಿ ಮ್ಯಾಲೆ ಕುಂದ್ರಿಸಿ ಪಾಠ ಶುರು ಮಾಡಿದೆ. ಅಷ್ಟರಾಗ ಅಣ್ಣ ಕುರಿ ಹೊಡಕೊಂಡು ಬಂದ. ರೊಪ್ಪದ ಬೇಲಿ ಒಳಗಿನ ಮರಿಗಳೆಲ್ಲ ತಾಯಿ ಕಂಡು ಒದರಾಕ ಹತ್ತಿದವು. ನನ್ನ ದನಿ ನನಗಾ ಕೇಳಲಿಲ್ಲ. ಅಪ್ಪ ಅತ್ತ ತಿರುಗಿ ಸುದ್ದ ನೋಡಲಿಲ್ಲ, "ತಡಿಯವ್ವ, ಒಂದು ಮರಿ ಒದರವಲ್ದು" ಅಂತ ಎದ್ದು ಹೋದ. ನೋಡಿದರ ಮೂಲ್ಯಾಗ ಒಂದು ಮರಿ ಜ್ವರ ಬಂದು ಮುದುರಿ ಬಿದ್ದಿತ್ತು.

ಅಷ್ಟು ಗದ್ದಲದಾಗ ಸುಮ್ಮನಿದ್ದದ್ದು ಅಪ್ಪಗ ಹೆಂಗ ಕೇಳಿಸ್ತು? ಎರಡು ವರ್ಷದ ಬಿ.ಎಡ್.ನಾಗ ನನಗ ಇದನ್ನ ಯಾರೂ ಹೇಳಿಕೊಡಲಿಲ್ಲ.

ಮರಿಗೆ ಔಷಧ ಕುಡಿಸಿ ಬಂದು ಕುಂತ ಅಪ್ಪ. "ಹೂಂ, ಮುಂದ ಹೇಳ್ರಿ ಟೀಚರ್ರ."

ನಾನು ಅಪ್ಪನ ಮುಂದ ಕೆಳಗ ಕುಂತು, "ಒದರದ ಮರಿ ಹೆಂಗ ಗೊತ್ತಾಗತೈತಿ, ಮೊದಲು ನೀವಾ ಹೇಳ್ರಿ ಸರ" ಅಂದೆ.