ನೇರಳೆ ಬೆನ್ನಿನ ಕುರಿ

ಭಾನುವಾರ, ಮಾರ್ಚ್ ೯
ಬೆಳಗಿನ ಮೇವು ಹಾಕಿ ಬಂದ ಮೇಲೆ

ಪ್ರೀತಿಯ ಅಕ್ಕಾ,

ಮೂರು ವರ್ಷದ ಮೇಲೆ ನನ್ನ ಅಕ್ಷರ ನೋಡಿ, ಅಮ್ಮನಿಗೆ ಏನೋ ಆಯಿತೆಂದು ಗಾಬರಿಯಾಗಬೇಡ. ಅಮ್ಮ ಗಟ್ಟಿಯಾಗಿದ್ದಾಳೆ. ಎಷ್ಟು ಗಟ್ಟಿ ಎನ್ನುವುದು ನನಗೂ ಈ ವಾರವೇ ಗೊತ್ತಾಗಿದ್ದು. ನಮ್ಮಿಬ್ಬರ ನಡುವೆ ಇರುವುದು ಒಂದು ಬೇಲಿ, ಕೂಗಿದರೆ ಕೇಳುತ್ತದೆ. ಆದರೆ ಎದುರಿಗೆ ನಿಂತರೆ ಇಬ್ಬರಿಗೂ ಕೋಪ ಮೂಗಿನ ತುದಿಯಲ್ಲೇ ಇರುತ್ತದಲ್ಲ, ಅದಕ್ಕೇ ಈ ಕಾಗದ.

ಕಳೆದ ಸೋಮವಾರ ನನ್ನ ಮೋಟುಕಿವಿ ಕುರಿ ಗಂಡು ಮರಿ ಹಾಕಿತು. ಒರೆಸುತ್ತಾ ತಲೆಯ ಮೇಲೆ ಬೆರಳಾಡಿಸಿದರೆ ನಾಲ್ಕು ಕೊಂಬಿನ ಮೊಳಕೆ. ಕನ್ನಡಕ ಹಾಕಿಕೊಂಡು ಮತ್ತೆ ಎಣಿಸಿದೆ, ನಾಲ್ಕೇ. ಅಪ್ಪನ ಹಿಂಡು ಪಾಲಾದಾಗ ನಾಲ್ಕು ಕೊಂಬಿನ ಟಗರು ದೊರೆ ನಿನ್ನ ಪಾಲಿಗೆ ಬಂದ. ನನ್ನ ಒಂಬತ್ತು ಕುರಿಗಳಿಗೂ, ಆಮೇಲೆ ನಾನು ಕೊಂಡು ತಂದ ಟಗರಿಗೂ ಎರಡೆರಡೇ ಕೊಂಬು. ಎರಡೂ ಎರಡೂ ಸೇರಿ ನಾಲ್ಕಾಗುವುದು ಮಗ್ಗಿಯಲ್ಲಿ, ಕೊಟ್ಟಿಗೆಯಲ್ಲಲ್ಲ.

ತಲೆಗೆ ಹುಳ ಬಿಟ್ಟ ಹಾಗಾಯಿತು. ಇಪ್ಪತ್ತೊಂದು ವಾರ ಹಿಂದಕ್ಕೆ ಎಣಿಸಿದರೆ ಅಕ್ಟೋಬರ್ ಏಳು, ಅದೂ ಸೋಮವಾರ. ಆ ದಿನ ನಾನು ಉಣ್ಣೆ ಮೂಟೆ ಹೊತ್ತು ಪೇಟೆಗೆ ಹೋಗಿ ಕತ್ತಲಾದ ಮೇಲೆ ಬಂದಿದ್ದೆ. ಮರುದಿನ ನಸುಕಿನಲ್ಲೇ ನನ್ನ ಟಗರಿನ ಎದೆಗೆ ಕೆಮ್ಮಣ್ಣು ಬಳಿದು ಹಿಂಡಿಗೆ ಬಿಟ್ಟೆ. ಯಾವ ಕುರಿಯನ್ನು ಏರಿದ ಎಂದು ತಿಳಿಯುವುದಕ್ಕೆ ಅಪ್ಪ ಕಲಿಸಿದ್ದು ಅದೇ ತಾನೆ. ಸಂಜೆ ಅವನು ಏರಿದ ಬೇರೆ ಎರಡರ ಬೆನ್ನು ಕೆಂಪಾಗಿತ್ತು, ಮೋಟುಕಿವಿಯದು ಮಾತ್ರ ನೇರಳೆ. ಬಣ್ಣದಲ್ಲಿ ಕಲಬೆರಕೆ ಎಂದು ಅಂಗಡಿಯವನಿಗೆ ಹೋಗಿ ಬೈದು ಬಂದೆ. ಪಾಪ, ಅವನು ತಪ್ಪಾಯಿತು ಎಂದು ಇನ್ನೊಂದು ಡಬ್ಬಿ ಬೇರೆ ಕೊಟ್ಟ. ನೀನು ದೊರೆಗೆ ಬಳಿಯುವುದು ನೀಲಿ ಎನ್ನುವುದು ನನಗೆ ಹೊಳೆದದ್ದು ಈಗ.

ನೇರ ಬೇಲಿಯ ಗೇಟಿಗೆ ಹೋದೆ. ಜಗಳದ ದಿನ ಮುಚ್ಚಿದ್ದು, ಚಿಲಕ ತುಕ್ಕು ಹಿಡಿದು ಕಚ್ಚಿಕೊಂಡಿರಬೇಕಿತ್ತು. ಕೈ ಹಾಕಿದರೆ ಬೆಣ್ಣೆಯ ಹಾಗೆ ಸರಿಯಿತು. ಬೆರಳು ಮೂಸಿ ನೋಡಿದೆ. ಅಮ್ಮ ಮಂಡಿಗೆ ಹಚ್ಚಿಕೊಳ್ಳುವ ಎಣ್ಣೆ.

ಅಡುಗೆಮನೆಗೆ ಹೋಗುವುದಕ್ಕೂ ಗೋಡೆ ಹಿಡಿಯುವ ಅಮ್ಮ! ಹೋಗಿ ಕೇಳಿದೆ. ಬಟಾಣಿ ಬಿಡಿಸುತ್ತಾ ಕೂತಿದ್ದವಳು ತಲೆ ಕೂಡ ಎತ್ತಲಿಲ್ಲ. "ನೀವಿಬ್ರು ಮಾತು ಬಿಟ್ರೆ ಕುರಿಗಳೂ ಬಿಡಬೇಕಾ?" ಎಂದಳು. ಅದಾದ ಮೇಲೆ ಏನು ಕೇಳಿದರೂ ಅವಳ ಕಿವಿಗೆ ಕೇಳಿಸಲಿಲ್ಲ.

ಅಕ್ಕಾ, ದೊರೆ ಹೋದನೆಂದು ಉಣ್ಣೆ ಕತ್ತರಿಸುವವನು ಹೋದ ತಿಂಗಳೇ ಹೇಳಿದ. ಈ ಸಲ ನಿನ್ನಲ್ಲಿ ಹುಟ್ಟಿದ ಒಂದು ಮರಿಗೂ ನಾಲ್ಕು ಕೊಂಬಿಲ್ಲ ಎಂದೂ ಹೇಳಿದ. ಅಂದರೆ ಅಪ್ಪ ನಲವತ್ತು ವರ್ಷ ಕಾಪಾಡಿದ ತಳಿಯಲ್ಲಿ ಉಳಿದಿರುವುದು ನನ್ನ ಕೊಟ್ಟಿಗೆಯ ಈ ಒಂದು ಮರಿ. ಸುಳ್ಳು ಯಾಕೆ ಹೇಳಲಿ, ಆರು ದಿನ ಈ ಸುದ್ದಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ. ಟಗರು ನಿನ್ನ ಪಾಲಾಗಿತ್ತಲ್ಲ, ಈಗ ನನ್ನ ಸರದಿ ಎಂದು ಒಳಗೊಳಗೇ ಖುಷಿಯಾಗಿತ್ತು. ನಿನ್ನೆ ಮರಿಯ ತಲೆ ಸವರುವಾಗ ಆ ಖುಷಿ ಉಳಿಯಲಿಲ್ಲ, ಹಳೆಯದು ನೆನಪಾಯಿತು.

ಮೂರು ವರ್ಷದ ಹಿಂದೆ ನೀನು ದೊರೆಯನ್ನು ನನ್ನಲ್ಲಿಗೆ ಕಳಿಸಿದ್ದಾಗ ಅವನ ಕೆಳಗಿನ ಕೊಂಬು ಕೆನ್ನೆಗೆ ಚುಚ್ಚುತ್ತಿತ್ತು. ಕೊಯ್ಯುವಾಗ ತಲೆ ಕೊಡವಿದ, ಗರಗಸ ಜಾರಿತು ಎಂದು ನಿನಗೆ ಹೇಳಿದ್ದೆ. ಅವನು ಕೊಡವಲಿಲ್ಲ, ಕಲ್ಲಿನ ಹಾಗೆ ನಿಂತಿದ್ದ. ಅಪ್ಪ ಕೊಂಬು ಮುಟ್ಟಿ ನೋಡಿ, ಬೆಚ್ಚಗಿರುವಲ್ಲಿ ರಕ್ತವಿದೆ ಎಂದು ಬಿಟ್ಟು, ತಣ್ಣಗಿರುವ ತುದಿಯನ್ನಷ್ಟೇ ಕೊಯ್ಯುತ್ತಿದ್ದನಲ್ಲ, ನಾನೂ ಮುಟ್ಟಿ ನೋಡಿದೆ. ಆದರೆ ಅದಕ್ಕೆ ಮೊದಲು ಅವನ ತಲೆಗೆ ಎರಡು ಬಕೆಟ್ ತಣ್ಣೀರು ಸುರಿದು ತೊಳೆದಿದ್ದೆ. ಕೊಂಬೆಲ್ಲ ತಣ್ಣಗಿತ್ತು. ನೀನು ಬಂದಾಗ ಅವನ ಮುಖವೆಲ್ಲ ರಕ್ತ, ನಾನು ಅವನ ಮೇಲೇ ತಪ್ಪು ಹೊರಿಸಿ ನಿಂತಿದ್ದೆ. ಅವತ್ತು ನಿಜ ಹೇಳಿದ್ದರೆ ನೀನು ಬೈದು, ಸಂಜೆಗೆ ಮರೆಯುತ್ತಿದ್ದೆ. ನನ್ನ ಮರ್ಯಾದೆ ಉಳಿಸಿಕೊಳ್ಳಲು ಹೋಗಿ ನಿನ್ನನ್ನೇ ಕಳೆದುಕೊಂಡೆ. ತಪ್ಪಾಯಿತು ಅಕ್ಕಾ.

ಮರಿ ನಮ್ಮಿಬ್ಬರದು. ಹಾಲು ಬಿಡುವ ತನಕ ತಾಯಿಯ ಹತ್ತಿರ ಇರಲಿ. ಆಮೇಲೆ ಒಂದು ವರ್ಷ ನಿನ್ನಲ್ಲಿ, ಒಂದು ವರ್ಷ ನನ್ನಲ್ಲಿ. ಹೆಸರು ನೀನೇ ಇಡು. ಕೊಂಬು ಕೊಯ್ಯುವ ಕಾಲ ಬಂದರೆ ನೀನು ಕೊಯ್ಯಿ, ನಾನು ತಲೆ ಹಿಡಿದುಕೊಳ್ಳುತ್ತೇನೆ.

ನಿನ್ನ ಮೊಂಡು
ತಂಗಿ

ಮರೆತಿದ್ದೆ: ಈ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಆ ಗೇಟಿಗೆ ನಿಮ್ಮಪ್ಪ ಎರಡೂ ಕಡೆ ಚಿಲಕ ಹಾಕ್ಸಿದ್ರು. ನಂಗೆ ಎಟುಕಿದ್ದು ನಮ್ಮ ಕಡೇದು ಒಂದೇ ಕಣೇ" ಎಂದಳು. ಆಚೆಯದನ್ನು ತೆಗೆದವರು ಯಾರೆಂದು ನಾನು ಕೇಳುವುದಿಲ್ಲ. ನಮ್ಮ ಕಡೆಯದನ್ನು ತೆಗೆದೇ ಇಟ್ಟಿದ್ದೇನೆ.